11 ಇಂಚಿನ ಟೆಲಿಸ್ಕೋಪ್ ಬಂದರೂ ಫೋಟೋಗೆ 4 ಇಂಚಿನದೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟ ಚಿಕ್ಕದೇ. 100 ಮಿ.ಮೀ. ರಿಫ್ರಾಕ್ಟರ್ (ಮಸೂರದ ಟೆಲಿಸ್ಕೋಪ್), ಫೋಕಲ್ ಲೆಂತ್ (ಇದು ಹೆಚ್ಚಿದಷ್ಟೂ ಚಿತ್ರ ದೊಡ್ಡದು) 700 ಮಿ.ಮೀ. ಎರಡು ವರ್ಷ ಅದರಲ್ಲೇ ಗೆಲಾಕ್ಸಿ, ನೀಹಾರಿಕೆಗಳ ಫೋಟೋ ತೆಗೆದೆ. ಆಮೇಲೆ ಆಸೆ ತಡೆಯದೆ 280 ಮಿ.ಮೀ. ಸ್ಮಿಟ್-ಕ್ಯಾಸಗ್ರೇನ್ (ಕನ್ನಡಿಯ ಟೆಲಿಸ್ಕೋಪ್) ಕೊಂಡೆ. ಅದರ ಫೋಕಲ್ ಲೆಂತ್ 2800. ಲೆಕ್ಕದ ಪ್ರಕಾರ ಚಿಕ್ಕದು ಸುಮಾರು 1.2 ಆರ್ಕ್‌ಸೆಕೆಂಡ್‌ನಷ್ಟು (ಆಕಾಶದಲ್ಲಿ ಅಳೆಯುವ ಕೋನ, ಒಂದು ಡಿಗ್ರಿಯ 3600ನೇ ಒಂದು ಭಾಗ) ಸಣ್ಣ ವಿವರ ತೋರಿಸಬೇಕು, ದೊಡ್ಡದು 0.4. ಹಾಗಾದರೆ ಚಿತ್ರ ಸುಮಾರು ಮೂರು ಪಟ್ಟು ಚೂಪಾಗಬೇಕು, ಅಲ್ವಾ?

ಆಗಲಿಲ್ಲ. ಅದೇ ಕ್ಯಾಮೆರಾ, ಅದೇ ಎಂ51 ಸುರುಳಿ ಗೆಲಾಕ್ಸಿ, ಐದೈದು ನಿಮಿಷದ ಎಕ್ಸ್‌ಪೋಷರ್. ನಕ್ಷತ್ರಗಳ ಅಗಲ ಅಳೆದೆ. ಚಿಕ್ಕದರಲ್ಲಿ 3.7 ಆರ್ಕ್‌ಸೆಕೆಂಡ್, ದೊಡ್ಡದರಲ್ಲಿ 3.6. ಗೆಲಾಕ್ಸಿ ಪರದೆ ತುಂಬ ಬಂತು, ಆದರೆ ಸುರುಳಿಯ ತೋಳುಗಳಲ್ಲಿ ಹೊಸದೇನೂ ಕಾಣಲಿಲ್ಲ.

ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ಕೊಲಿಮೇಷನ್, ಅಂದರೆ ಕನ್ನಡಿಗಳನ್ನು ನೇರಕ್ಕೆ ಹೊಂದಿಸುವುದು, ಮೂರು ಸಲ ಮಾಡಿದೆ. ಕನ್ನಡಿ ತಣ್ಣಗಾಗಲಿ ಎಂದು ಎರಡು ಗಂಟೆ ಮೊದಲೇ ಹೊರಗಿಟ್ಟೆ. ಅರ್ಧ ಗಂಟೆಗೊಮ್ಮೆ ಫೋಕಸ್ ಸರಿಮಾಡಿದೆ. ಟೆಲಿಸ್ಕೋಪ್ ಗುರಿ ಬಿಡದಂತೆ ನಕ್ಷತ್ರ ನೋಡಿ ತಿದ್ದುವ ಗೈಡಿಂಗ್ ಕ್ಯಾಮೆರಾ ಸೆಕೆಂಡಿಗೊಂದು ಚಿತ್ರ ತೆಗೆಯುತ್ತಾ ಗಾಳಿಯ ನಡುಕದ ಹಿಂದೆಯೇ ಓಡುತ್ತಿತ್ತು. ಅದನ್ನು 3 ಸೆಕೆಂಡಿಗೆ ಏರಿಸಿದ ಮೇಲೆ ನಕ್ಷತ್ರಗಳು ದುಂಡಗಾದವು. ಅಗಲ ಮಾತ್ರ ಇಳಿಯಲಿಲ್ಲ.

ತಡೆ ಇದ್ದದ್ದು ತಲೆಯ ಮೇಲಿನ ಗಾಳಿಯಲ್ಲಿ. ಬಿಸಿ, ತಂಪು ಗಾಳಿ ಬೆರೆತು ಸುಳಿಯುವಾಗ ಬೆಳಕು ಒಂದೊಂದು ಕಡೆ ಒಂದೊಂದು ರೀತಿ ಬಾಗುತ್ತದೆ. ಸೀಯಿಂಗ್ (ಗಾಳಿಯಿಂದಾಗುವ ಮಬ್ಬಿನ ಅಗಲ) 3 ಆರ್ಕ್‌ಸೆಕೆಂಡ್ ಇರುವ ರಾತ್ರಿ, ಬೆಳಕನ್ನು ಹೆಚ್ಚು ಕೆಡಿಸದೆ ಬಿಡುವ ಗಾಳಿಯ ತುಣುಕು ಬರೀ ಮೂರೂವರೆ ಸೆಂಟಿಮೀಟರ್ ಅಗಲ. 11 ಇಂಚಿನ ಬಾಯಿಯ ಮುಂದೆ ಅಂಥ ಹತ್ತಾರು ತುಣುಕುಗಳು ಒಟ್ಟಿಗೆ ಓಡಾಡುತ್ತವೆ. ಐದು ನಿಮಿಷದಲ್ಲಿ ಆ ಕುಣಿತವೆಲ್ಲ ಸೇರಿ ಒಂದೇ ಮಬ್ಬು ಚುಕ್ಕೆ. ಗಾಳಿ ನಡುಗುತ್ತಲೇ ಇರುತ್ತದೆ, ಬೆಟ್ಟದ ತುದಿಗೆ ಹೋಗಿ ಎಂದು ನ್ಯೂಟನ್ 1704ರಲ್ಲೇ ಬರೆದಿದ್ದರು. ಕೊಳ್ಳುವ ಮುಂಚೆ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಅದರ ಮೇಲೆ, ಗುರಿ ಕ್ಷಿತಿಜದಿಂದ 30 ಡಿಗ್ರಿ ಎತ್ತರದಲ್ಲಿದ್ದರೆ ನೆತ್ತಿಯ ಮೇಲಿರುವುದಕ್ಕಿಂತ ಮಬ್ಬು ಒಂದೂವರೆ ಪಟ್ಟು ಜಾಸ್ತಿ.

ಪಿಕ್ಸೆಲ್ ಲೆಕ್ಕವೂ ಅದನ್ನೇ ಹೇಳುತ್ತದೆ. ನನ್ನ 3.76 ಮೈಕ್ರಾನ್ ಪಿಕ್ಸೆಲ್ ದೊಡ್ಡದರಲ್ಲಿ 0.28 ಆರ್ಕ್‌ಸೆಕೆಂಡ್ ನೋಡುತ್ತದೆ, ಚಿಕ್ಕದರಲ್ಲಿ 1.1. ಮಬ್ಬೇ 3ರಷ್ಟು ಇರುವಾಗ 0.28 ಸುಮ್ನೆ ಫೈಲ್ ತುಂಬಿಸುತ್ತದೆ.

ದೊಡ್ಡದು ಸೇರಿಸುವ ಬೆಳಕು ಮಾತ್ರ ನಿಜ. ನಡುವಿನ ಕನ್ನಡಿ ಮರೆ ಮಾಡಿದ್ದು ಕಳೆದರೂ ಸುಮಾರು 7 ಪಟ್ಟು. 4×4 ಬಿನ್ನಿಂಗ್ ಮಾಡಿದರೆ, ಅಂದರೆ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿದರೆ, ಮಸುಕಾದ ಗೆಲಾಕ್ಸಿ ಬೇಗ ಮೂಡುತ್ತದೆ.

ಗುರುಗ್ರಹಕ್ಕೆ ದೊಡ್ಡದೇ ಸರಿ. ಅಲ್ಲಿ ಕೆಲವೇ ಮಿಲಿಸೆಕೆಂಡ್‌ಗಳ ಸಾವಿರಾರು ಚಿತ್ರ ತೆಗೆದು, ಗಾಳಿ ನಿಂತ ಕ್ಷಣದವನ್ನು ಮಾತ್ರ ಆರಿಸಬಹುದು.

ಆದರೆ ನನಗೆ ವಾರದಲ್ಲಿ ಸಿಗುವುದು ಎರಡು ರಾತ್ರಿ, ಮೂರು ಮೂರು ಗಂಟೆ. ಕನ್ನಡಿ ತಣಿಯುವಷ್ಟರಲ್ಲಿ ರಿಫ್ರಾಕ್ಟರ್ ಎರಡು ಗಂಟೆ ಬೆಳಕು ಹಿಡಿದಿರುತ್ತದೆ. ಆ ದುಡ್ಡನ್ನು ಟೆಲಿಸ್ಕೋಪ್ ಹೊತ್ತು ತಿರುಗಿಸುವ ಒಳ್ಳೆಯ ಮೌಂಟ್‌ಗೆ ಹಾಕಿದ್ದರೆ ಗೈಡಿಂಗ್ ತಪ್ಪಾದರೂ ಕಡಿಮೆಯಾಗುತ್ತಿತ್ತು. ಮುಂದಿನ ಉಳಿತಾಯ ಅದಕ್ಕೇ.