ಜೂಜಿನ ಚಟ ಬಿಡಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡುವ ಮೊದಲು ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ಯಾರಿಗಾದರೂ ಮೊಬೈಲ್ ರಮ್ಮಿ, ಮಟ್ಕಾ, ಕ್ಯಾಸಿನೊ ಗೀಳು ಹತ್ತಿದ್ದರೆ, ‘ನಮ್ಮಲ್ಲಿ ಸೇರಿಸಿ, 90 ದಿನಗಳಲ್ಲಿ ಚಟ ಬಿಡಿಸಿ ಕಳಿಸುತ್ತೇವೆ’ ಎನ್ನುವ ಖಾಸಗಿ ಕೇಂದ್ರಗಳಿಗೆ ಒಂದು ರೂಪಾಯಿಯನ್ನೂ ಕೊಡುವ ಮೊದಲು ಓದಿ.

ನನ್ನ ತಮ್ಮ ಕುಡಿಯುವವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವನಿಗಿದ್ದದ್ದು ಜೂಜು ಮಾತ್ರ. ಮೊದಲು ಗೆಳೆಯರ ಜೊತೆ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳು. ಕಾರವಾರದಿಂದ ಸಂಜೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ಅಲ್ಲಿರಬಹುದು. ಆಮೇಲೆ ಮೊಬೈಲ್. ಆಯಿಯ ಬಂಗಾರ ಅಡವಿಗೆ ಹೋದದ್ದು, ಸಾಲದ ಆ್ಯಪ್‌ನವರು ನನಗೂ ಕರೆ ಮಾಡಿ ಬಾಯಿಗೆ ಬಂದಂತೆ ಬೈದದ್ದು, ಇವೆಲ್ಲ ಇಂಥ ಮನೆಗಳವರಿಗೆ ಗೊತ್ತಿರುವುದೇ.

ಘಟ್ಟದ ಮೇಲಿನ ಊರೊಂದರ ಕೇಂದ್ರಕ್ಕೆ ಫೋನ್ ಮಾಡಿದಾಗ ಅವರ ಮೊದಲ ಮಾತು ಹೀಗಿತ್ತು: “ಯಾರಿಗೂ ಗೊತ್ತಾಗುವುದಿಲ್ಲ ಮೇಡಂ. ಊರಿನಲ್ಲಿ ಟ್ರೈನಿಂಗ್‌ಗೆ ಹೋಗಿದ್ದಾನೆ ಎಂದು ಹೇಳಿ.” ಚಿಕಿತ್ಸೆಯ ಮಾತಿಲ್ಲ, ವೈದ್ಯರ ಮಾತಿಲ್ಲ, ಮೊದಲ ಮಾತೇ ಗುಟ್ಟಿನದು. ಅವರು ಮಾರುವುದು ಅದನ್ನೇ. ಮರ್ಯಾದೆಗೆ ಅಂಜುವ ಮನೆಯವರು ಕೇಳಿದಷ್ಟು ಕೊಡುತ್ತಾರೆ, ಮುಂದೆ ಜಗಳಕ್ಕೂ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಮುಂಗಡ 45,000 ರೂಪಾಯಿ ಕಟ್ಟಿದೆವು. ಮೊದಲ ತಿಂಗಳು ಭೇಟಿ ಇಲ್ಲ, ಫೋನ್ ಇಲ್ಲ. “ಮನೆಯವರ ದನಿ ಕೇಳಿದರೆ ಮನಸ್ಸು ಸಡಿಲವಾಗುತ್ತದೆ” ಎಂದರು.

ಕೊನೆಗೂ ಭೇಟಿಗೆ ಬಿಟ್ಟ ಭಾನುವಾರ ಕಂಡದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಬ್ಬಿಣದ ಮಂಚಗಳ ನಡುವೆ ಚಾಪೆ ಹಾಸಿಕೊಂಡು ಐದಾರು ಜನ ಇಸ್ಪೀಟು ಆಡುತ್ತಿದ್ದರು. ನಡುವೆ ಗ್ಲೂಕೋಸ್ ಬಿಸ್ಕತ್ತಿನ ರಾಶಿ. ನನ್ನ ತಮ್ಮ ಎಲೆಗಳನ್ನು ಎದೆಗೆ ಒತ್ತಿಕೊಂಡು, ಎದುರಿನವನು ಯಾವ ಎಲೆ ಎಸೆಯುತ್ತಾನೆಂದು ಕಾಯುತ್ತಾ ಕೂತಿದ್ದ. ಜೂಜು ಬಿಡಿಸಿ ಎಂದು ದುಡ್ಡು ಕೊಟ್ಟು ಸೇರಿಸಿದ ಹುಡುಗ ಬಿಸ್ಕತ್ತು ಪಣಕ್ಕಿಟ್ಟು ರಮ್ಮಿ ಆಡುತ್ತಿದ್ದಾನೆ! ಮ್ಯಾನೇಜರ್‌ನನ್ನು ಕೇಳಿದರೆ, “ದುಡ್ಡಿಟ್ಟು ಆಡುತ್ತಿಲ್ಲವಲ್ಲ ಮೇಡಂ, ಬಿಸ್ಕತ್ತು ತಾನೇ? ಇವರಿಗೂ ಹೊತ್ತು ಹೋಗಬೇಕಲ್ಲ” ಎಂದ. “ಅಕ್ಕಾ, ಇಲ್ಲಿರುವವರೆಲ್ಲ ಕುಡಿತದವರು. ಡಾಕ್ಟರ್ ಮುಖ ನಾನು ನೋಡಿಲ್ಲ. ರಾತ್ರಿ ಮಾತ್ರೆ ಕೊಡುತ್ತಾರೆ, ಬೆಳಗಿನವರೆಗೆ ಮೈಮೇಲೆ ಎಚ್ಚರವಿರುವುದಿಲ್ಲ” ಎಂದ ತಮ್ಮ.

ಕಡತ ತೋರಿಸಿ ಎಂದು ಹಟ ಹಿಡಿದು ಕೂತೆ. ರೋಗ: ಮದ್ಯವ್ಯಸನ. ಕುಡಿತ ಆರಂಭವಾದ ವಯಸ್ಸು: 22. ಒಂದು ಹನಿಯನ್ನೂ ಮುಟ್ಟದವನಿಗೆ! “ನಮ್ಮಲ್ಲಿ ಫಾರಂ ಅದೊಂದೇ ಇರುವುದು. ಚಟ ಅಂದರೆ ಚಟವೇ ಅಲ್ಲವೇ ಮೇಡಂ?” ಎಂದು ಮ್ಯಾನೇಜರ್ ಅದನ್ನೇ ಮತ್ತೆ ಮತ್ತೆ ಹೇಳಿದ.

ಅಲ್ಲ. ಕುಡಿತ ನಿಲ್ಲಿಸಿದಾಗ ಕೈಕಾಲು ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಅದನ್ನು ತಡೆಯಲು ಔಷಧಿ ಬೇಕು. ಜೂಜಿಗೆಂದೇ ಅನುಮೋದನೆ ಪಡೆದ ಮಾತ್ರೆ ಇಲ್ಲ. ನಾಲ್ಟ್ರೆಕ್ಸೋನ್‌ನಂಥದ್ದನ್ನು ಮನೋವೈದ್ಯರು ನೋಡಿಕೊಂಡು ಕೆಲವರಿಗೆ ಕೊಡುತ್ತಾರೆ, ಅಷ್ಟೇ. ಮುಖ್ಯವಾದದ್ದು ಮಾತಿನ ಚಿಕಿತ್ಸೆ: ‘ಮುಂದಿನ ಆಟದಲ್ಲಿ ಹೋದದ್ದೆಲ್ಲ ವಾಪಸ್ ಬರುತ್ತದೆ’ ಎಂಬ ಭ್ರಮೆಯನ್ನು ಬಿಡಿಸುವುದು, ಸಾಲಕ್ಕೊಂದು ದಾರಿ ಹುಡುಕುವುದು, ಹಣದ ವ್ಯವಹಾರವನ್ನು ಸ್ವಲ್ಪ ಕಾಲ ಮನೆಯವರ ಕೈಗೆ ಕೊಡುವುದು. ಆತ್ಮಹತ್ಯೆಯ ಯೋಚನೆ ಇದ್ದರೆ, ತೀವ್ರ ಖಿನ್ನತೆ ಇದ್ದರೆ ಒಳರೋಗಿಯಾಗಿ ಸೇರಿಸಲೇಬೇಕಾಗುತ್ತದೆ. ಆದರೆ ಮನೋವೈದ್ಯರಿರುವ ಕಡೆ! ‘ಬಿಟ್ಟು ಬಂದ ಮೇಲೆ ಮತ್ತೆ ಆಡಿದರೆ?’ ಎಂದು ಕೇಳಿದ್ದಕ್ಕೆ ಆ ಮ್ಯಾನೇಜರ್ ಹೇಳಿದ್ದು: “2025ರಲ್ಲಿ ಕಾಯ್ದೆಯೇ ಬಂದಿದೆಯಲ್ಲ, ದುಡ್ಡಿನ ಆಟಗಳೆಲ್ಲ ಬಂದ್.” ಅದು ಆನ್‌ಲೈನ್ ಆಟಗಳ ಕಾಯ್ದೆ. ಮಾಂಡೋವಿಯ ಹಡಗುಗಳೂ ಮಟ್ಕಾ ಚೀಟಿಗಳೂ ಬಂದ್ ಆಗಿವೆಯೇ?

ತಮ್ಮನನ್ನು ಅಂದೇ ಕರೆದುಕೊಂಡು ಬಂದೆವು. ಹಣ ಕೇಳಿದಾಗ ರಸೀದಿ ತೆಗೆದು ನೋಡಿ ಎಂದರು. ನೋಡಿದರೆ ಅದರಲ್ಲಿ ‘ದೇಣಿಗೆ’ ಎಂದು ಅಚ್ಚಾಗಿದೆ! “ದೇಣಿಗೆ ವಾಪಸ್ ಕೊಡುವ ಪದ್ಧತಿ ಎಲ್ಲಿದೆ ಮೇಡಂ? ಪೊಲೀಸರ ಹತ್ತಿರ ಹೋಗಿ, ಊರಿಗೆಲ್ಲ ನಿಮ್ಮ ಮನೆಯ ವಿಷಯ ಗೊತ್ತಾಗಲಿ.” ಇದು ಬೆದರಿಕೆಯಲ್ಲದೆ ಮತ್ತೇನು? ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂಥ ಕೇಂದ್ರಕ್ಕೆ ನೋಂದಣಿ ಇರಲೇಬೇಕು, ಪ್ರಮಾಣಪತ್ರ ಕೇಳಿ. ಒಳಗಿರುವವರಿಗೆ ಮನೆಯವರ ಜೊತೆ ಮಾತನಾಡುವ ಹಕ್ಕಿದೆ, ತಮ್ಮ ಚಿಕಿತ್ಸೆಯ ದಾಖಲೆ ನೋಡುವ ಹಕ್ಕೂ ಇದೆ. ಮನೋವೈದ್ಯರ ಹೆಸರು ಕೇಳಿ, ಅವರನ್ನು ಕಣ್ಣಾರೆ ನೋಡಿ. ರಸೀದಿಯ ಮೇಲೆ ‘ದೇಣಿಗೆ’ ಎಂದಿದ್ದರೆ ಎದ್ದು ಬನ್ನಿ. ಕಾರವಾರದ ಕ್ರಿಮ್ಸ್, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಲ್ಲವೂ ಸರ್ಕಾರದ ಆಸ್ಪತ್ರೆಗಳು, ಮೊದಲು ಅಲ್ಲಿ ತೋರಿಸಿ. ಹೊರಡುವ ಧೈರ್ಯವಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೇನೆ, ಆದ್ದರಿಂದ ಕೇಂದ್ರದ ಹೆಸರನ್ನು ಸದ್ಯಕ್ಕೆ ಬರೆಯುತ್ತಿಲ್ಲ. ಇದೇ ‘ದೇಣಿಗೆ’ ರಸೀದಿ ನಿಮ್ಮ ಮನೆಯಲ್ಲೂ ಇದ್ದರೆ ನೀವೂ ದೂರು ಕೊಡಿ.