ಮನೆಯ ನಾಮಫಲಕಕ್ಕೆ ಇನ್‌ಲೇ: ನೇರ ಗೋಡೆಯೋ, ವಿ ಬಿಟ್ಟೋ?

ತುಮಕೂರಿನ ಸುತ್ತಮುತ್ತಲ ಮನೆಗಳಿಗೆ ಬೀಟೆ ಹಲಗೆಯಲ್ಲಿ ಹಲಸಿನ ಮರದ ಅಕ್ಷರಗಳನ್ನು ಕೂರಿಸಿ ನಾಮಫಲಕ ಮಾಡಿಕೊಡುವ ನಾನು, ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರದಲ್ಲಿ (ಸಿಎನ್‌ಸಿ) ಇನ್‌ಲೇಯ, ಅಂದರೆ ಹೀಗೆ ಕುಳಿ ತೋಡಿ ಕೂರಿಸುವ ಕೆಲಸದ, ಎರಡೂ ವಿಧಾನಗಳನ್ನು ಸಾಕಷ್ಟು ಬಳಸಿದ್ದೇನೆ. 60 ಡಿಗ್ರಿಯ ಕಾರ್ಬೈಡ್ ವಿ ಬಿಟ್ (ತುದಿ ವಿ ಆಕಾರದಲ್ಲಿ ಚೂಪಾಗಿರುವ ಕೊರೆಯುವ ಅಲಗು) ಕೊಂಡ ಮೇಲೆ ಅಕ್ಷರದ ಕೆಲಸಕ್ಕೆ ನೇರ ಗೋಡೆಯ ವಿಧಾನಕ್ಕೆ ಮರಳಿಲ್ಲ, ಮರಳುವ ಮನಸ್ಸೂ ಇಲ್ಲ.

ನೇರ ಗೋಡೆಯ ವಿಧಾನದಲ್ಲಿ ಎಂಡ್ ಮಿಲ್‌ನಿಂದ (ನೇರ ಬದಿಯ, ಚಪ್ಪಟೆ ತುದಿಯ ಬಿಟ್) ಕುಳಿ ತೋಡಿ, ಅದೇ ಆಕಾರದ ತುಂಡನ್ನು ಕತ್ತರಿಸಿ ಕೂರಿಸುತ್ತೇವೆ. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ 3 ಮಿ.ಮೀ. ಬಿಟ್ ಬಹುಪಾಲು ತಿರುವುಗಳಲ್ಲಿ ತೊಡಕಿಲ್ಲದೆ ಸಾಗುತ್ತದೆ. ತೊಂದರೆ ಬರುವುದು ತಲೆಕಟ್ಟಿನ ಚೂಪು ತುದಿಯಲ್ಲಿ ಮತ್ತು ಒತ್ತಕ್ಷರಗಳಲ್ಲಿ. ನಮ್ಮ ಕಡೆ ಬಾಗಿಲು ಬಾಗಿಲಿಗೂ ಕಾಣುವ ‘ಶ್ರೀ ಸಿದ್ಧಲಿಂಗೇಶ್ವರ ನಿಲಯ’ವನ್ನೇ ತೆಗೆದುಕೊಳ್ಳಿ: ‘ದ್ಧ’ ಮತ್ತು ‘ಶ್ವ’ಗಳ ಒತ್ತುಗಳಿಗೆ 3 ಮಿ.ಮೀ. ಬಿಟ್ ಇಳಿಯುವುದೇ ಇಲ್ಲ. ಹೀಗಾಗಿ 3 ಮಿ.ಮೀ. ಬಿಟ್‌ನಿಂದ ರಫಿಂಗ್ (ಮೊದಲ ಒರಟು ಕೊರೆತ) ಮುಗಿಸಿ, ಉಳಿದ ಮೂಲೆಗಳಿಗೆ 1.5 ಮಿ.ಮೀ. ಬಿಟ್ ಹಾಕಬೇಕು, ಬೀಟೆಯಂತಹ ಗಟ್ಟಿ ಮರದಲ್ಲಿ ಅದು ಬಹಳ ಕಾಲ ಬಾಳುವುದಿಲ್ಲ. ಅಳತೆಯ ವಿಷಯದಲ್ಲಂತೂ ಈ ವಿಧಾನಕ್ಕೆ ಕರುಣೆಯಿಲ್ಲ. ಬಿಟ್‌ನ ನಿಜವಾದ ವ್ಯಾಸ 0.05 ಮಿ.ಮೀ. ಕಡಿಮೆಯಿದ್ದರೆ ಕುಳಿ ಅಷ್ಟು ಕಿರಿದಾಗುತ್ತದೆ, ತುಂಡು ಅಷ್ಟೇ ಅಗಲವಾಗುತ್ತದೆ, ಒಟ್ಟು 0.1 ಮಿ.ಮೀ. ಬಿಗಿಯಿಂದ ತುಂಡು ಕೂರುವುದಿಲ್ಲ. ಸಡಿಲ ಬಿಟ್ಟರೆ ಅಂಟಿನ ಗೆರೆ ಕಣ್ಣಿಗೆ ಹೊಡೆಯುತ್ತದೆ.

ವಿ ಇನ್‌ಲೇಯಲ್ಲಿ ಗೋಡೆಗಳು ಇಳಿಜಾರಾಗಿರುವುದರಿಂದ ತುಂಡು ಬೆಣೆಯಂತೆ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಇಲ್ಲಿ ಅಕ್ಷರಗಳನ್ನು ಬಿಡಿಯಾಗಿ ಕತ್ತರಿಸದೆ ಇನ್ನೊಂದು ಹಲಗೆಯ ಮೇಲೆ ಉಬ್ಬಾಗಿ ಕೆತ್ತಿ, ಆ ಹಲಗೆಯನ್ನು ಮಗುಚಿ ಕುಳಿಗೆ ಅಂಟಿಸಿ, ಆಮೇಲೆ ಅದರ ಹಿಂಬದಿಯ ಮರವನ್ನು ಗರಗಸದಿಂದ ತೆಗೆಯುತ್ತೇವೆ. ನಾನು ಕುಳಿಯನ್ನು 5 ಮಿ.ಮೀ. ಆಳಕ್ಕೆ ತೋಡುತ್ತೇನೆ, ಕನ್ನಡಿಯ ಬಿಂಬದಂತೆ ತಿರುಗಿಸಿದ ಅಕ್ಷರಗಳ ಹಲಗೆಯಲ್ಲಿ ಆರಂಭದ ಆಳ (ಮೂಲ ಮೇಲ್ಮೈಯಿಂದ ಕೆಳಗೆ, ಅಕ್ಷರ ತನ್ನ ಸರಿಯಾದ ಅಗಲಕ್ಕೆ ಬರುವ ಮಟ್ಟ) 4 ಮಿ.ಮೀ., ಅಲ್ಲಿಂದ ಕೆಳಗೆ ಇನ್ನೂ 2 ಮಿ.ಮೀ. ಆಗ ಕುಳಿಯ ತಳದಲ್ಲಿ ಅಂಟಿಗೆ 1 ಮಿ.ಮೀ. ಜಾಗ ಉಳಿಯುತ್ತದೆ, ಎರಡು ಹಲಗೆಗಳ ನಡುವೆ ಗರಗಸ ಹಾಯಿಸಲು 2 ಮಿ.ಮೀ. ಸಂದು ಉಳಿಯುತ್ತದೆ. ಒಂದು ಹಲಗೆಯ ಕೆಲಸ ಪೂರ್ತಿ 0.2 ಮಿ.ಮೀ. ಮೇಲೆ ಕೆಳಗಾದರೂ ಆ ವ್ಯತ್ಯಾಸ ಅಂಟಿನ ಜಾಗದಲ್ಲಿ ಅಡಗುತ್ತದೆ. ಮೇಲೆ ಕಾಣುವ ಅಂಚು ಬಿಗಿಯಾಗಿಯೇ ಇರುತ್ತದೆ. ನನಗೆ ಈ ವಿಧಾನ ಒಗ್ಗಿದ್ದು ಇದೊಂದೇ ಗುಣದಿಂದ.

ಆದರೆ ಇದರಲ್ಲಿ ಒಂದು ತೊಡಕಿದೆ, ಅದು ಝಡ್ ಜೀರೋದ್ದು, ಅಂದರೆ ಯಂತ್ರ ಎತ್ತರ ಆಳಗಳನ್ನು ಎಣಿಸಲು ಶುರುಮಾಡುವ ಮಟ್ಟದ್ದು. ಅಕ್ಷರಗಳ ಹಲಗೆಯಲ್ಲಿ 6 ಮಿ.ಮೀ. ಎಂಡ್ ಮಿಲ್ ಸುತ್ತಲಿನ ಮರವನ್ನೆಲ್ಲ ತೆಗೆದು ರಫಿಂಗ್ ಮುಗಿಸುವಷ್ಟರಲ್ಲಿ ಮೂಲ ಮೇಲ್ಮೈ ಬಹುತೇಕ ಹೋಗಿರುತ್ತದೆ. ವಿ ಬಿಟ್ ಹಾಕಿ ಮತ್ತೆ ಜೀರೋ ಹಿಡಿಯಬೇಕೆಂದರೆ ಟಚ್ ಪ್ಲೇಟ್ (ಬಿಟ್ ತಾಗಿಸಿ ಜೀರೋ ಹಿಡಿಯುವ ಲೋಹದ ಬಿಲ್ಲೆ) ಇಡಲು ಕಿರಿದಾದ ದಿಬ್ಬಗಳಷ್ಟೇ ಸಿಗುತ್ತವೆ, ಅವುಗಳ ಮೇಲೆ ಪ್ಲೇಟ್ ಸಮನಾಗಿ ಕೂರುವುದಿಲ್ಲ. ಫಿನಿಶಿಂಗ್ (ವಿ ಬಿಟ್‌ನ ಕೊನೆಯ ಕೊರೆತ) ಆದ ಮೇಲೆ ಸಣ್ಣ ಗೆರೆಗಳಲ್ಲಿ ಅದೂ ಉಳಿಯುವುದಿಲ್ಲ. 60 ಡಿಗ್ರಿಯ ಬಿಟ್‌ನಲ್ಲಿ 3 ಮಿ.ಮೀ. ಅಗಲದ ಗೆರೆ ಸುಮಾರು 2.6 ಮಿ.ಮೀ. ಎತ್ತರದ ಚೂಪು ಏಣಾಗುತ್ತದೆ. ಅಂದರೆ ಅದರ ನೆತ್ತಿ ಮೂಲ ಮೇಲ್ಮೈಗಿಂತ 1.4 ಮಿ.ಮೀ. ಕೆಳಗಿರುತ್ತದೆ.

ಫಿನಿಶಿಂಗ್ ನಡುವೆ ಕರೆಂಟ್ ಹೋಗಿ ಜೀರೋ ಮತ್ತೆ ಹಿಡಿಯಬೇಕಾದಾಗ ಇದು ನಿಜವಾಗಿ ಕಾಡುತ್ತದೆ. ಹೊಸ ಜೀರೋ ಹಳೆಯದಕ್ಕಿಂತ 0.3 ಮಿ.ಮೀ. ಕೆಳಗಿಳಿದರೆ, ಅಲ್ಲಿಂದ ಮುಂದಿನ ಅಕ್ಷರಗಳು ಪ್ರತಿ ಬದಿಗೆ 0.17 ಮಿ.ಮೀ. ತೆಳುವಾಗುತ್ತವೆ. ಎಲ್ಲ ಅಕ್ಷರಗಳೂ ಒಂದೇ ಹಲಗೆಯಲ್ಲಿರುವುದರಿಂದ ಮೊದಲಿನವು ಬಿಗಿದು ನಿಲ್ಲುತ್ತವೆ, ನಂತರದವು ಗೋಡೆಗೆ ತಾಗದೆ ಉಳಿಯುತ್ತವೆ. ಹಲಗೆಯಿಡೀ ಒಂದೇ ತಪ್ಪಾದರೆ ಕ್ಷಮಿಸುವ ವಿಧಾನ, ಅರ್ಧದಲ್ಲಿ ಬದಲಾದ ತಪ್ಪನ್ನು ಕ್ಷಮಿಸುವುದಿಲ್ಲ.

ಆದ್ದರಿಂದ ಅಕ್ಷರಗಳ ಹಲಗೆಗೆ ನಾನು ಜೀರೋವನ್ನು ಮರದ ಮೇಲಲ್ಲ, ಯಂತ್ರದ ಹಾಸಿನ ಮೇಲೆ, ಯಾವಾಗಲೂ ಒಂದೇ ಗುರುತಿನಲ್ಲಿ ಹಿಡಿಯುತ್ತೇನೆ. ಹಲಗೆಯ ದಪ್ಪವನ್ನು ವರ್ನಿಯರ್‌ನಿಂದ ಅಳೆದು ತಂತ್ರಾಂಶಕ್ಕೆ ಕೊಟ್ಟರಾಯಿತು. ಬಿಟ್ ಎಷ್ಟು ಸಲ ಬದಲಾದರೂ, ಕರೆಂಟ್ ಹೋಗಿ ಬಂದರೂ ಆ ಗುರುತು ಅಲ್ಲೇ ಇರುತ್ತದೆ.

ಉಜ್ಜುವಾಗ ಎಚ್ಚರ ಬೇಕು: ಬೀಟೆಯ ಮೇಲ್ಮೈಯನ್ನು ಅರ್ಧ ಮಿ.ಮೀ. ಇಳಿಸಿದರೆ ಗೆರೆಯ ಅಗಲ ಸುಮಾರು 0.6 ಮಿ.ಮೀ. ಕಡಿಮೆಯಾಗುತ್ತದೆ, ನೇರ ಗೋಡೆಯಲ್ಲಿ ಹಾಗಾಗುವುದಿಲ್ಲ. ಎರಡೂ ವಿಧಾನಗಳಿಗೆ ಹಿಡಿಯುವ ಸಮಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮರದ ವಿಷಯದಲ್ಲಿ ನಮಗೆ ಅನುಕೂಲವಿದೆ. ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆ ಹಲಸಿಗೆ ಹೆಸರಾದದ್ದು, ಬೀಟೆಯ ಕಪ್ಪಿನ ಮೇಲೆ ಹಲಸಿನ ಹಳದಿಗಿಂತ ಚೆಂದದ್ದನ್ನು ನಾನು ಕಂಡಿಲ್ಲ.

ನನ್ನ ಕೆಲಸ ಹೆಚ್ಚಾಗಿ ಅಕ್ಷರಗಳದ್ದು, ಯಂತ್ರ ಸಾಧಾರಣದ್ದು, ಮುರಿದ ಸಣ್ಣ ಬಿಟ್‌ಗಳಿಗೆ ಮತ್ತೆ ಮತ್ತೆ ಹಣ ಹಾಕುವ ಶಕ್ತಿ ನನಗಿಲ್ಲ. ಹಿತ್ತಾಳೆ ತಗಡನ್ನೋ ತೆಳುವಾದ ಪದರವನ್ನೋ ಕೂರಿಸುವವರ ಲೆಕ್ಕ ಬೇರೆ: ಇಳಿಜಾರು ಗೋಡೆಗೆ ಬೇಕಾದ ದಪ್ಪ ಅಲ್ಲಿ ಇರುವುದಿಲ್ಲ. ಅಂತಹ ಕೆಲಸ ಬಂದಾಗ ನಾನೂ 3 ಮಿ.ಮೀ. ಎಂಡ್ ಮಿಲ್ಲನ್ನೇ ತೆಗೆಯುತ್ತೇನೆ, ಮೊದಲು ಅದರ ವ್ಯಾಸವನ್ನು ಅಳೆಯುತ್ತೇನೆ.