ವೇಗದ ಸಾಧನೆಗೆ ಡನ್‌ಲಾಪ್ ಜಾಝ್ 3 ಪಿಕ್: ಚಿಕ್ಕಮಗಳೂರಿನ ಮಳೆಗಾಲಕ್ಕೆ ಒಗ್ಗುತ್ತದೆಯೇ?

ಗಿಟಾರ್‌ನಲ್ಲಿ ವೇಗ ಹತ್ತುತ್ತಿಲ್ಲ ಎನ್ನುವವರು ಎಡಗೈಯನ್ನೇ ದೂರುತ್ತಾರೆ. ತೊಡಕು ಬಹಳ ಸಲ ಪಿಕ್‌ನಲ್ಲಿ, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆಯಲ್ಲಿ ಇರುತ್ತದೆ. ತೆಳು ಪಿಕ್ ತಂತಿಗೆ ತಾಗಿ ಬಾಗುತ್ತದೆ. ನೆಟ್ಟಗಾಗುವಷ್ಟರಲ್ಲಿ ಮುಂದಿನ ಸ್ವರ ತಡವಾಗಿರುತ್ತದೆ. ಜಾಝ್ 3 ನೈಲಾನ್ ಪಿಕ್ 1.38 ಮಿ.ಮೀ. ದಪ್ಪ, ಗಾತ್ರ ಚಿಕ್ಕದು, ತುದಿ ಚೂಪು. ಬಾಗುವುದಿಲ್ಲ ಎಂದೇ ಹೇಳಬಹುದು.

ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಹಿಡಿದು 3 ಮಿ.ಮೀ.ನಷ್ಟು ತುದಿ ಮಾತ್ರ ಹೊರಗಿಡಿ. ತುದಿ ಆಳಕ್ಕಿಳಿದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ, ಕೈ ಬಿಗಿಯುತ್ತದೆ, ಅಲ್ಲಿಗೆ ವೇಗ ಮುಗಿಯಿತು. ಪಿಕ್ಕನ್ನು ತುಸು ಓರೆ ಮಾಡಿದರೆ ತಂತಿಯ ಮೇಲೆ ಜಾರಿಹೋಗುತ್ತದೆ.

ಲಯ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬೀಟಿಗಿಡಿ. ಒಂದೇ ತಂತಿಯಲ್ಲಿ 5-6-7-8ನೇ ಫ್ರೆಟ್ (ಗಿಟಾರ್ ಕತ್ತಿನ ಮನೆಗಳು), ಬೀಟಿಗೆ ನಾಲ್ಕು ಸ್ವರ, ಪಿಕ್ ಒಮ್ಮೆ ಕೆಳಗೆ ಒಮ್ಮೆ ಮೇಲೆ, ತಪ್ಪದೆ. ಮೂರು ನಿಮಿಷ ಸ್ವಚ್ಛವಾಗಿ ಬಂದರೆ 4 ಏರಿಸಿ. ಎಡವಿದರೆ 10 ಇಳಿಸಿ. ಆಮೇಲೆ ತಂತಿ ದಾಟುವ ಅಭ್ಯಾಸ. ನಿಜವಾಗಿ ಲಯ ಮುರಿಯುವುದು ಅಲ್ಲೇ, ಹಾಗಾಗಿ ದಾಟುವ ಎರಡು ಸ್ವರಗಳನ್ನಷ್ಟೇ ಬೇರ್ಪಡಿಸಿ ನುಡಿಸಿ. ಮುಂಗೈ ನೋಯತೊಡಗಿದರೆ ಕೂಡಲೇ ನಿಲ್ಲಿಸಿ.

ಮಲೆನಾಡಿನ ಮಳೆಗಾಲದಲ್ಲಿ ಬೆರಳು ತೇವವಾದಾಗ ಇಷ್ಟು ಚಿಕ್ಕ ಪಿಕ್ ತಿರುಗಿಬಿಡುತ್ತದೆ. ಉಬ್ಬು ಅಕ್ಷರಗಳು ಹಿಡಿತ ಕೊಟ್ಟರೂ ಸಾಲದು. ಪಕ್ಕದಲ್ಲೊಂದು ಒಣ ಬಟ್ಟೆ ಬೇಕೇಬೇಕು. ಗಾಳಿಯ ತೇವಕ್ಕೆ ಅಕೌಸ್ಟಿಕ್ ಗಿಟಾರಿನ ಮರ ಉಬ್ಬಿ ತಂತಿಯ ಎತ್ತರವೂ ಏರುತ್ತದೆ. ಆಗ ಪಿಕ್ ಬದಲಿಸಿ ಪ್ರಯೋಜನವಿಲ್ಲ, ಗಿಟಾರ್ ಇಡುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಭಾವಗೀತೆಗೆ ಸ್ಟ್ರಮ್ಮಿಂಗ್ (ಹಲವು ತಂತಿ ಒಟ್ಟಿಗೆ ಮೀಟುವುದು) ಮಾಡುವವರಿಗೆ ಇದು ಬೇಡ, ಸದ್ದು ಗಡುಸಾಗುತ್ತದೆ. ಅವರಿಗೆ 0.73 ಮಿ.ಮೀ. ಪಿಕ್ಕೇ ಸರಿ.